ವಾರಾನ್ನದಿಂದ ವಾರಕ್ಕಿಷ್ಟು ಗಂಟೆಯವರೆಗೆ

ಕಾಲೇಜಿನ ಗ್ರಂಥಾಲಯದಲ್ಲಿ ಚದುರಿಬಿದ್ದ ಪುಸ್ತಕಗಳನ್ನು ಸಂಖ್ಯೆಗೆ ಸರಿಯಾಗಿ ಕಪಾಟಿಗೆ ಸೇರಿಸುವ ಕೆಲಸವನ್ನು ಅದೇ ಕಾಲೇಜಿನ ವಿದ್ಯಾರ್ಥಿಯೊಬ್ಬ ದಿನಕ್ಕೆರಡು ಗಂಟೆ ಮಾಡುತ್ತಾನೆಂದು ಇಟ್ಟುಕೊಳ್ಳಿ. ಅವನಿಗೆ ಕಾಲೇಜು ಹಣ ಕೊಡಬೇಕೆ? ಕೊಟ್ಟರೆ ಅದು ಸಂಬಳವೋ, ಸಹಾಯಧನವೋ, ದಾನವೋ? ಪರೀಕ್ಷೆ ಹತ್ತಿರ ಬಂದಾಗ 'ಈ ವಾರ ಬರಲಾರೆ' ಎಂದು ಹೇಳುವ ಹಕ್ಕು ಅವನಿಗೆ ಉಂಟೆ? ಪುಸ್ತಕ ಜೋಡಿಸಲು ಬಂದವನನ್ನು ಅಧ್ಯಾಪಕರ ಮನೆಗೆ ಗ್ಯಾಸ್ ಸಿಲಿಂಡರ್ ತರಲು ಕಳಿಸಿದರೆ ಅವನು ಏನು ಮಾಡಬೇಕು?

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿಗಳಲ್ಲಿ ಓದುತ್ತಿರುವ ನಿಮಗೆ ಈ ಪ್ರಶ್ನೆಗಳು ದೂರದವಲ್ಲ. ನಿಮ್ಮಲ್ಲಿ ಎಷ್ಟೋ ಮಂದಿ ರಜೆ ಬಂತೆಂದರೆ ಶೇಂಗಾ ಕೀಳಲು, ಮೆಕ್ಕೆಜೋಳ ಮುರಿಯಲು ಹೋಗುವವರು. ಹಡಗಲಿ ಸೀಮೆಯಲ್ಲಿ ಬೆಳಕು ಹರಿಯುವ ಮೊದಲೇ ಮಲ್ಲಿಗೆ ಮೊಗ್ಗು ಬಿಡಿಸಿ, ಆಮೇಲೆ ಬಸ್ಸು ಹಿಡಿದು ಕಾಲೇಜಿಗೆ ಬರುವ ಹೆಣ್ಣುಮಕ್ಕಳಿದ್ದಾರೆ. ಮನೆಯವರು ಕಬ್ಬು ಕಡಿಯಲೆಂದೋ ಕಾಫಿ ತೋಟಕ್ಕೆಂದೋ ಗುಳೆ ಹೋದಾಗ ಅಜ್ಜಿಯ ಜೊತೆ ಊರಲ್ಲುಳಿದು ಓದುವವರೂ ಇದ್ದಾರೆ. ಓದುವಾಗ ದುಡಿಯಬೇಕೆ ಬೇಡವೆ ಎಂಬುದು ನಿಮ್ಮ ಪಾಲಿಗೆ ಎಂದೋ ತೀರ್ಮಾನವಾಗಿಹೋದ ಮಾತು. ಯಾವ ನಿಯಮದ ಕೆಳಗೆ ದುಡಿಯಬೇಕು ಎಂಬುದು ಮಾತ್ರ ತೀರ್ಮಾನವಾಗಿಲ್ಲ. ಇಂದು ನಾವು ನೋಡಬೇಕಾದದ್ದು ಆ ನಿಯಮಗಳ ಚರಿತ್ರೆಯನ್ನು.

ಬಹಳ ಹಿಂದಕ್ಕೆ ಹೋದರೆ ನಮಗೆ ಸಿಗುವುದು ಶಾಸನಗಳು. ವಿಜಯಪುರ ಜಿಲ್ಲೆಯ ಸಾಲೋಟಗಿಯಲ್ಲಿ ಕ್ರಿ.ಶ. 945ರ ಶಾಸನವೊಂದಿದೆ. ರಾಷ್ಟ್ರಕೂಟರ ಮೂರನೆಯ ಕೃಷ್ಣನ ಕಾಲದ್ದು. ಬೇರೆ ಬೇರೆ ನಾಡುಗಳಿಂದ ಬಂದ ವಿದ್ಯಾರ್ಥಿಗಳಿಗಾಗಿ ಅಲ್ಲಿ ಶಾಲೆ, ವಸತಿ, ಅವುಗಳ ಖರ್ಚಿಗೆ ಭೂಮಿ, ದೀಪದ ಎಣ್ಣೆಗೆಂದೇ ಬೇರೆ ಭೂಮಿ ಇತ್ತು. ಕಲಬುರಗಿ ಜಿಲ್ಲೆಯ ನಾಗಾವಿಯ ಘಟಿಕಾಸ್ಥಾನದ 1058ರ ಶಾಸನ ಇನ್ನೂ ಸ್ವಾರಸ್ಯವಾದದ್ದು. ಇನ್ನೂರಕ್ಕೂ ಹೆಚ್ಚು ವಿದ್ಯಾರ್ಥಿಗಳಿದ್ದ ಆ ವಿದ್ಯಾಕೇಂದ್ರದಲ್ಲಿ ಪುಸ್ತಕ ಕಾಯಲು ಆರು ಮಂದಿ ಸರಸ್ವತೀ ಭಂಡಾರಿಗರಿದ್ದರು. ಅವರ ಜೀವನಕ್ಕೂ ದತ್ತಿ ಗೊತ್ತಾಗಿತ್ತು. ಅಂದರೆ ಗ್ರಂಥಾಲಯದ ಕೆಲಸ ಕೂಲಿಗೆ ಅರ್ಹವಾದ ಕೆಲಸವೆಂದು ಕಲ್ಲಿನಲ್ಲಿ ಕೊರೆದು ಸುಮಾರು ಸಾವಿರ ವರ್ಷವಾಯಿತು! ಆದರೆ ಒಂದು ಮಾತು. ಆ ವ್ಯವಸ್ಥೆಯೊಳಗೆ ಪ್ರವೇಶವಿದ್ದದ್ದು ಕೆಲವೇ ಕುಲಗಳ ಗಂಡುಮಕ್ಕಳಿಗೆ. ದತ್ತಿಯ ಹೊಲದಲ್ಲಿ ಉತ್ತು ಬಿತ್ತಿದವರ ಮಕ್ಕಳು ಆ ಶಾಲೆಯ ಜಗಲಿಯನ್ನೂ ಹತ್ತಲಿಲ್ಲ.

ನಮ್ಮ ಸೀಮೆಯ ಬಗ್ಗೆಯೇ ಖಚಿತವಾದ ಲೆಕ್ಕ ಸಿಗಲು ನಾವು ಹತ್ತೊಂಬತ್ತನೆಯ ಶತಮಾನಕ್ಕೆ ಬರಬೇಕು. 1800ರಲ್ಲಿ ಹೈದರಾಬಾದಿನ ನಿಜಾಮನು ಈ ಪ್ರದೇಶವನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಅದಕ್ಕೇ ಇದಕ್ಕೆ 'ದತ್ತ ಮಂಡಲ' ಎಂದು ಹೆಸರಾಯಿತು. ಮೊದಲು ಕಲೆಕ್ಟರಾಗಿ ಬಂದ ಥಾಮಸ್ ಮನ್ರೋ ಮುಂದೆ ಮದರಾಸಿನ ಗವರ್ನರ್ ಆದಾಗ, 1822ರಲ್ಲಿ, ಪ್ರತಿ ಜಿಲ್ಲೆಯಲ್ಲಿ ಎಷ್ಟು ಶಾಲೆಗಳಿವೆ, ಯಾರು ಓದುತ್ತಿದ್ದಾರೆ ಎಂದು ಲೆಕ್ಕ ಕೇಳಿದ. ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಬೆಲ್ 1823ರ ಆಗಸ್ಟ್‌ನಲ್ಲಿ ಕಳಿಸಿದ ವರದಿ ಆ ಎಲ್ಲ ಉತ್ತರಗಳಲ್ಲಿ ಹೆಸರಾದದ್ದು. ಧರ್ಮಪಾಲರು ಇಪ್ಪತ್ತನೆಯ ಶತಮಾನದಲ್ಲಿ ಆ ಕಾಗದಗಳನ್ನೆಲ್ಲ ಹುಡುಕಿ 1983ರಲ್ಲಿ ಪ್ರಕಟಿಸಿದ್ದರಿಂದ ನಾವು ಅದನ್ನು ಓದಬಲ್ಲೆವು.

ಆಗಿನ ಬಳ್ಳಾರಿ ಜಿಲ್ಲೆ ಎಂದರೆ ಇಂದಿನ ಅನಂತಪುರದ ಭಾಗವೂ ಸೇರಿದ ದೊಡ್ಡ ಜಿಲ್ಲೆ. ಅದರಲ್ಲಿ 533 ಶಾಲೆಗಳು: ಕನ್ನಡದವು 235, ತೆಲುಗಿನವು 226, ಮರಾಠಿ 23, ಸಂಸ್ಕೃತ 23, ಫಾರಸಿ 21, ತಮಿಳು 4, ಇಂಗ್ಲಿಷು ಒಂದು. ಓದುತ್ತಿದ್ದವರು 6,641 ಮಂದಿ. ಅವರಲ್ಲಿ ಹೆಣ್ಣುಮಕ್ಕಳು ಕೇವಲ 60. ಜಿಲ್ಲೆಯ ಜನಸಂಖ್ಯೆಯೋ ಒಂಬತ್ತು ಲಕ್ಷ ದಾಟಿತ್ತು. ಲೆಕ್ಕ ಹಾಕಿ ನೋಡಿ, ಸುಮಾರು 140 ಜನರಿಗೆ ಒಬ್ಬ ವಿದ್ಯಾರ್ಥಿ.

ಈ ಶಾಲೆಗಳು ಹೇಗೆ ನಡೆಯುತ್ತಿದ್ದವು? ಹಳೇ ಮೈಸೂರಿನ ಕಡೆ ಇಂಥವನ್ನು ಕೂಲಿಮಠ ಎನ್ನುತ್ತಿದ್ದರು, ಬಡಗಣ ಕಡೆ ಗಾಂವಠಿ ಶಾಲೆ ಎನ್ನುತ್ತಿದ್ದರು. ಅಯ್ಯನವರಿಗೆ ಮಕ್ಕಳ ಮನೆಯವರು ತಿಂಗಳಿಗೆ ಕಾಲು ರೂಪಾಯಿಯೋ ಅರ್ಧ ರೂಪಾಯಿಯೋ ಕೊಡಬೇಕು. ಬೆಳಗಿನ ಆರು ಗಂಟೆಗೆಲ್ಲ ಶಾಲೆ. ಮೊದಲು ಬಂದವನ ಅಂಗೈಯ ಮೇಲೆ ಸರಸ್ವತಿಯ ಹೆಸರು ಬರೆಯುತ್ತಿದ್ದರು. ಎರಡನೆಯವನಿಗೆ ಹೊಗಳಿಕೆಯೂ ಇಲ್ಲ ತೆಗಳಿಕೆಯೂ ಇಲ್ಲವೆಂದು ಒಂದು ಸೊನ್ನೆ. ಮೂರನೆಯವನಿಗೆ ಮೆಲ್ಲಗೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಹೀಗೆ ತಡವಾದಷ್ಟೂ ಏಟು ಏರುತ್ತಿತ್ತು. (ಕೊನೆಯವನ ಗತಿ ನೀವೇ ಊಹಿಸಿಕೊಳ್ಳಿ.) ಮೇಲಿನ ತರಗತಿಯವರನ್ನು ಅಯ್ಯನವರೇ ನೋಡಿಕೊಳ್ಳುತ್ತಿದ್ದರು. ಕೆಳಗಿನವರ ಪಾಠವನ್ನು ಒಪ್ಪಿಸಿಕೊಳ್ಳುವುದು, ಮರಳಿನ ಮೇಲೆ ಅಕ್ಷರ ತಿದ್ದಿಸುವುದು ಮುಂದುವರಿದ ಹುಡುಗರ ಪಾಲಿನ ಕೆಲಸ. ಇಂಥ ಹುಡುಗನನ್ನು ನಮ್ಮ ಕಡೆಯ ಹಿರಿಯರು 'ಹಿರೇಮಣಿ' ಎಂದು ಕರೆಯುತ್ತಿದ್ದರು. ಆ ಮಾತು ಈಗಲೂ ಕೆಲವು ಊರುಗಳಲ್ಲಿ ಕೇಳಿಬರುತ್ತದೆ.

ಈ ಹಿರೇಮಣಿಯೇ ನಮ್ಮ ನಾಡಿನ ವಿದ್ಯಾಸಂಸ್ಥೆಯೊಳಗೆ ದುಡಿದ ವಿದ್ಯಾರ್ಥಿಗಳ ಹಿರಿಯಜ್ಜ. ಕ್ಯಾಂಬೆಲ್ ಈ ಪದ್ಧತಿಯನ್ನು ತುಂಬ ಮೆಚ್ಚಿಕೊಂಡ. ಕಲಿಸುವವನ ಕಲಿಕೆಯೂ ಗಟ್ಟಿಯಾಗುತ್ತದೆ, ಖರ್ಚೂ ಕಡಿಮೆ, ಇಂಗ್ಲೆಂಡ್ ಇದನ್ನು ಅನುಕರಿಸಿದ್ದು ಸರಿಯಾಗಿಯೇ ಇದೆ ಎಂಬ ಅಭಿಪ್ರಾಯ ಅವನದು. ಅನುಕರಿಸಿದ್ದು ನಿಜ. ಮದರಾಸಿನಲ್ಲಿ ಅನಾಥ ಬಾಲಕರ ಶಾಲೆಯ ಮೇಲ್ವಿಚಾರಕನಾಗಿದ್ದ ಆಂಡ್ರ್ಯೂ ಬೆಲ್ ಎಂಬ ಪಾದ್ರಿ ಹುಡುಗರಿಂದ ಹುಡುಗರಿಗೆ ಪಾಠ ಹೇಳಿಸುವ ಕ್ರಮವನ್ನು ತನ್ನ ಶಾಲೆಯಲ್ಲಿ ಬಳಸಿ, 1797ರಲ್ಲಿ ಅದರ ಮೇಲೆ ಪುಸ್ತಕ ಪ್ರಕಟಿಸಿದ. ಮುಂದೆ ಅದು 'ಮದರಾಸು ಪದ್ಧತಿ' ಎಂಬ ಹೆಸರಿನಲ್ಲಿ ಇಂಗ್ಲೆಂಡಿನ ಬಡ ಮಕ್ಕಳ ಶಾಲೆಗಳಿಗೆಲ್ಲ ಹಬ್ಬಿತು. ಒಬ್ಬ ಮೇಷ್ಟ್ರು ನೂರಾರು ಮಕ್ಕಳನ್ನು ನಿಭಾಯಿಸಬಹುದಾಯಿತು. ಹೇಗೆ? ಹುಡುಗರ ದುಡಿಮೆ ಅಗ್ಗವಾಗಿದ್ದುದರಿಂದ. ನಮ್ಮ ಹಿರೇಮಣಿಗಂತೂ ಕೂಲಿ ಇರಲಿಲ್ಲ, ಗೌರವ ಮಾತ್ರ ಇತ್ತು. ವಿದ್ಯಾರ್ಥಿಯ ಕೆಲಸ ಎಂದರೆ ಅಗ್ಗದ ಕೆಲಸ ಎಂಬ ಭಾವನೆ ಆಗಿನಿಂದಲೂ ಬಂದದ್ದು. ನಿಯಮಗಳ ಅಗತ್ಯ ಹುಟ್ಟುವುದೂ ಅಲ್ಲಿಂದಲೇ.

ಅದೇ ವರದಿಯ ಇನ್ನೊಂದು ಭಾಗವನ್ನು ಓದುವಾಗ ಮನಸ್ಸು ಭಾರವಾಗುತ್ತದೆ. ಶಾಲೆಗಳು ಏಕೆ ಕ್ಷೀಣಿಸುತ್ತಿವೆ ಎಂಬುದಕ್ಕೆ ಕ್ಯಾಂಬೆಲ್ ಕೊಡುವ ಕಾರಣ ದೇಶದ ಬಡತನ. ಇಂಗ್ಲೆಂಡಿನ ಬಟ್ಟೆ ಬಂದು ಇಲ್ಲಿನ ನೇಕಾರರ ಕೈ ಬಿದ್ದಿತು, ದೇಶದ ಹಣ ಹೊರಗೆ ಹರಿಯಿತು. ತಿಂಗಳ ಕಾಲು ರೂಪಾಯಿ ಕೊಡಲಾರದ ತಂದೆತಾಯಿಗಳು ಮಕ್ಕಳ ಎಳೆಯ ಕೈಕಾಲಿಗೆ ಒಂದಿಷ್ಟು ಶಕ್ತಿ ಬಂತೋ ಇಲ್ಲವೋ ಕೆಲಸಕ್ಕೆ ಹಚ್ಚುತ್ತಿದ್ದರು. ಕಂಪನಿಯ ಅಧಿಕಾರಿಯೊಬ್ಬ ಕಂಪನಿಗೇ ಬರೆದ ಮಾತಿದು. ದುಡಿಮೆ ಶಾಲೆಯ ಹೊರಗಿದ್ದು, ಶಾಲೆಯನ್ನು ಬಿಡಿಸುವಂಥದ್ದಾದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಜಿಲ್ಲೆಯ ಈ ಕಾಗದಕ್ಕಿಂತ ಬೇರೆ ಸಾಕ್ಷಿ ಬೇಡ.

ಇಂಗ್ಲಿಷ್ ವಿದ್ಯೆ ಬಂದ ಮೇಲೆ ಕಷ್ಟ ಇನ್ನೊಂದು ರೂಪ ತಾಳಿತು. ಹರಪನಹಳ್ಳಿಯ ಹುಡುಗ ಮೇಲೆ ಓದಬೇಕಾದರೆ ಊರು ಬಿಡಬೇಕು. ಪ್ರೌಢಶಾಲೆಗೆ ಬಳ್ಳಾರಿ, ಕಾಲೇಜಿಗೆ ಮದರಾಸು. 1916ರಲ್ಲಿ ಅನಂತಪುರದಲ್ಲಿ ದತ್ತ ಮಂಡಲ ಕಾಲೇಜು ತೆರೆದ ಮೇಲೆ ಅಲ್ಲಿಗೆ. ಊಟ ಎಲ್ಲಿ, ಮಲಗುವುದೆಲ್ಲಿ? ಬ್ರಾಹ್ಮಣ ಹುಡುಗರಿಗೆ ವಾರಾನ್ನವಿತ್ತು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಈ ಅನ್ನಕ್ಕೆ ಬರೆದಿಟ್ಟ ನಿಯಮವಿರಲಿಲ್ಲ, ಬರೆಯದ ನಿಯಮ ಬೇಕಾದಷ್ಟಿತ್ತು. ಬಾವಿಯಿಂದ ನೀರು ಸೇದಿ ಹಾಕುವುದು, ಪೇಟೆಯಿಂದ ತರಕಾರಿ ತರುವುದು, ಮನೆಯ ಚಿಕ್ಕ ಮಕ್ಕಳಿಗೆ ಮಗ್ಗಿ ಹೇಳಿಕೊಡುವುದು. ಯಾವ ಮನೆಯಲ್ಲಿ ಯಾವ ದಿನ ವ್ರತವೋ ಅಂದು ಉಪವಾಸ. ಎಸ್.ಎಲ್. ಭೈರಪ್ಪನವರು 1996ರಲ್ಲಿ ಪ್ರಕಟವಾದ ತಮ್ಮ ಆತ್ಮಕಥೆ 'ಭಿತ್ತಿ'ಯಲ್ಲಿ ವಾರಾನ್ನದ ದಿನಗಳನ್ನೂ ಓದಿಗಾಗಿ ಮಾಡಿದ ಹತ್ತಾರು ಕೆಲಸಗಳನ್ನೂ ನಿರ್ವಿಕಾರವಾಗಿ ಹೇಳಿಕೊಂಡಿದ್ದಾರೆ. ನಿಮ್ಮ ಗ್ರಂಥಾಲಯದಲ್ಲಿದ್ದರೆ ಓದಿ. ಸರ್ ಎಂ. ವಿಶ್ವೇಶ್ವರಯ್ಯನವರೂ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಕೊಡಗಿನ ಒಂದು ಕುಟುಂಬದ ಮಕ್ಕಳಿಗೆ ಮನೆಪಾಠ ಹೇಳಿ ಖರ್ಚು ನೀಗಿಸಿಕೊಂಡು 1881ರಲ್ಲಿ ಬಿ.ಎ. ಮುಗಿಸಿದವರು.

ಎಲ್ಲರ ಅದೃಷ್ಟ ಹೀಗಿರಲಿಲ್ಲ. 1913ರಲ್ಲಿ ಹರಪನಹಳ್ಳಿಯಲ್ಲಿ ಹುಟ್ಟಿದ ರಾಯಸಂ ಭೀಮಸೇನರಾಯರನ್ನು ನೀವು 'ಬೀಚಿ' ಎಂದರೆ ಕೂಡಲೇ ಗುರುತಿಸುತ್ತೀರಿ. ಎಳವೆಯಲ್ಲೇ ತಂದೆಯನ್ನು ಕಳೆದುಕೊಂಡ ಅವರ ಓದು ಪ್ರೌಢಶಾಲೆಯಾಚೆ ಸಾಗಲಿಲ್ಲ. ಸರ್ಕಾರಿ ನೌಕರಿಗೆ ಸೇರಿದರು. ಕನ್ನಡವನ್ನೆಲ್ಲ ನಗಿಸಿದ ಆ ಮನುಷ್ಯನಿಗೆ ಓದುತ್ತಲೇ ದುಡಿಯುವ ಒಂದು ಮರ್ಯಾದೆಯ ದಾರಿ ಇದ್ದಿದ್ದರೆ ಎಂದು ಎಷ್ಟೋ ಸಲ ನನಗೆ ಅನ್ನಿಸಿದೆ.

ವಾರಾನ್ನ ದೊರೆಯದ ಜಾತಿಗಳವರು ತಮ್ಮದೇ ದಾರಿ ಮಾಡಿಕೊಳ್ಳಬೇಕಾಯಿತು. ಮಠಗಳ ದಾಸೋಹದ ಪರಂಪರೆ ಇಲ್ಲಿ ನೆರವಿಗೆ ಬಂತು. ಧಾರವಾಡದ ಮುರುಘಾಮಠ, ತುಮಕೂರಿನ ಸಿದ್ಧಗಂಗೆ ಮುಂತಾದ ಕಡೆ ಉಚಿತ ಪ್ರಸಾದ ನಿಲಯಗಳು ಬೆಳೆದವು. 1916ರಲ್ಲಿ ಬಳ್ಳಾರಿಯಲ್ಲಿ ವೀರಶೈವ ವಿದ್ಯಾವರ್ಧಕ ಸಂಘ ಹುಟ್ಟಿತು. 1940ರ ದಶಕದಲ್ಲಿ ಅದು ಬಳ್ಳಾರಿಗೊಂದು ಕಾಲೇಜು ಕೊಟ್ಟಿತು. ಪರಿಶಿಷ್ಟ ಜಾತಿಯ ಮಕ್ಕಳಿಗೆ ಈ ಬಾಗಿಲುಗಳೂ ಬಹುಕಾಲ ಸುಲಭವಾಗಿ ತೆರೆಯಲಿಲ್ಲ. 1944ರಲ್ಲಿ, ಡಾ. ಅಂಬೇಡ್ಕರರು ವೈಸರಾಯರ ಕಾರ್ಯಕಾರಿ ಮಂಡಲಿಯಲ್ಲಿದ್ದಾಗ, ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಆರಂಭವಾದದ್ದು ಅವರ ಪಾಲಿಗೆ ದೊಡ್ಡ ತಿರುವು. ವಿದ್ಯಾರ್ಥಿವೇತನ ಯಾರ ಮನೆಯ ಅಡುಗೆಮನೆಯ ಬಾಗಿಲಲ್ಲೂ ನಿಲ್ಲಿಸುವುದಿಲ್ಲ. ಅದರ ತೊಂದರೆ ಬೇರೆ, ಅದು ನಿಮಗೂ ಗೊತ್ತು: ಕೈಗೆ ಬರುವ ಹೊತ್ತಿಗೆ ಎಷ್ಟೋ ಸಲ ಶುಲ್ಕ ಕಟ್ಟುವ ಕೊನೆಯ ದಿನ ದಾಟಿರುತ್ತದೆ.

ದಾನವೂ ಬೇಡ, ಸರ್ಕಾರದ ದಾರಿ ಕಾಯುವುದೂ ಬೇಡ, ವಿದ್ಯಾರ್ಥಿ ಸಂಸ್ಥೆಯೊಳಗೇ ದುಡಿದು ಓದಲಿ ಎಂದು ಗಟ್ಟಿಯಾಗಿ ಹೇಳಿದವರು ನಮ್ಮ ನೆರೆಯ ಸಾತಾರಾದ ಭಾವುರಾವ್ ಪಾಟೀಲರು. 1887ರಲ್ಲಿ ಕೊಲ್ಹಾಪುರದ ಹತ್ತಿರದ ಕುಂಭೋಜದಲ್ಲಿ ಹುಟ್ಟಿದ ಜೈನ ಮನೆತನದವರು. ಇವರ ಪೂರ್ವಿಕರು ಮೂಡಬಿದಿರೆಯವರೆಂದು ಹೇಳುತ್ತಾರೆ. 1919ರಲ್ಲಿ ರಯತ್ ಶಿಕ್ಷಣ ಸಂಸ್ಥೆಯನ್ನು ಆರಂಭಿಸಿ, ಸಾತಾರಾದಲ್ಲಿ ಎಲ್ಲ ಜಾತಿಯ ಹುಡುಗರೂ ಒಂದೇ ಒಲೆಯ ಅಡುಗೆ ಉಣ್ಣುವ ವಸತಿಗೃಹ ನಡೆಸಿದರು. 1927ರಲ್ಲಿ ಗಾಂಧೀಜಿ ಅಲ್ಲಿಗೆ ಬಂದು ಅದಕ್ಕೆ ಶಾಹು ಮಹಾರಾಜರ ಹೆಸರಿಟ್ಟರು. ಹುಡುಗರಿಗೆ ಊಟಕ್ಕಿಲ್ಲದ ಒಂದು ದಿನ ಭಾವುರಾಯರ ಪತ್ನಿ ಲಕ್ಷ್ಮೀಬಾಯಿ ತಮ್ಮ ಮಾಂಗಲ್ಯವನ್ನೇ ಮಾರಿದರೆಂಬುದು ಆ ಸೀಮೆಯಲ್ಲಿ ಮನೆಮಾತು. 1947ರಲ್ಲಿ ಛತ್ರಪತಿ ಶಿವಾಜಿ ಕಾಲೇಜು ತೆರೆದಾಗ 'ಕಮವಾ ಆಣಿ ಶಿಕಾ', ಎಂದರೆ ಗಳಿಸಿ ಕಲಿಯಿರಿ, ಎಂಬುದು ಅದರ ಬುನಾದಿಯಾಯಿತು. ಹುಡುಗರು ಹೊಲದಲ್ಲಿ ದುಡಿದರು, ಕಲ್ಲು ಹೊತ್ತರು, ದುಡಿಮೆಯ ಲೆಕ್ಕ ಅವರ ಊಟ ಮತ್ತು ಶುಲ್ಕಕ್ಕೆ ಜಮೆಯಾಯಿತು.

ಇಲ್ಲಿ ಗಮನಿಸಬೇಕಾದದ್ದು 'ಲೆಕ್ಕ' ಎಂಬ ಮಾತನ್ನು. ವಾರಾನ್ನದ ಹುಡುಗ ಎಷ್ಟು ಕೊಡ ನೀರು ಸೇದಿದರೆ ಒಂದು ಊಟ ಎಂದು ಯಾರೂ ಹೇಳಿರಲಿಲ್ಲ. ಗಂಟೆಗೆ ಇಷ್ಟು, ದಿನಕ್ಕೆ ಇಷ್ಟು ಎಂದು ಬರೆದ ಕೂಡಲೇ ಹುಡುಗನ ಋಣ ತೀರುತ್ತದೆ. ಅವನು ತಲೆಯೆತ್ತಿ ನಡೆಯಬಹುದು. ಹಡಗಲಿ ಕಡೆಯ ರೈತರು ತಲಾಟಿಯ ಹತ್ತಿರ ಏಕೆ ರಸೀದಿ ಕೇಳುತ್ತಾರೆ ಎಂದು ಯೋಚಿಸಿ, ಇದೂ ಅರ್ಥವಾಗುತ್ತದೆ.

ಈ ಲೆಕ್ಕವನ್ನು ಕಾನೂನಿನ ಮಾತಿಗೆ ತಂದವರು ಅಮೆರಿಕದವರು. ಕೆಂಟಕಿಯ ಬೆರಿಯಾ ಕಾಲೇಜಿನಲ್ಲಿ ಬಡವ ಬಲ್ಲಿದನೆನ್ನದೆ ಪ್ರತಿ ವಿದ್ಯಾರ್ಥಿಯೂ ವಾರಕ್ಕೆ ಕನಿಷ್ಠ ಹತ್ತು ಗಂಟೆ ಕೆಲಸ ಮಾಡಲೇಬೇಕೆಂಬ ನಿಯಮವಿದೆ. ಎಲ್ಲರೂ ಕಸ ಗುಡಿಸಿದರೆ ಗುಡಿಸುವವನು ಬಡವನೆಂದು ಯಾರೂ ಬೆರಳು ತೋರಿಸುವಂತಿಲ್ಲ. ಇನ್ನು ಸರ್ಕಾರದ ಮಟ್ಟದಲ್ಲಿ ನಡೆದ ಕಥೆಯನ್ನು ಒಬ್ಬ ಮನುಷ್ಯನ ಬಾಳಿನ ಮೂಲಕವೇ ಹೇಳಬಹುದು. ಲಿಂಡನ್ ಜಾನ್ಸನ್ 1927ರಲ್ಲಿ ಟೆಕ್ಸಾಸಿನ ಸ್ಯಾನ್ ಮಾರ್ಕಸ್‌ನ ಶಿಕ್ಷಕರ ಕಾಲೇಜಿಗೆ ಸೇರಿದ. ಕೈಯಲ್ಲಿ ಕಾಸಿಲ್ಲ. ಕಾಲೇಜಿನ ಆವರಣದಲ್ಲಿ ಕಸ ಹೆಕ್ಕುವ ಕೆಲಸದಿಂದ ಆರಂಭಿಸಿ ಪ್ರಾಂಶುಪಾಲರ ಕಚೇರಿಯ ಸಹಾಯಕನಾದ. ಅದೂ ಸಾಲದೆ ಒಂದು ವರ್ಷ ಓದು ಬಿಟ್ಟು ಮೆಕ್ಸಿಕನ್ ಕೂಲಿಕಾರರ ಮಕ್ಕಳಿಗೆ ಮೇಷ್ಟ್ರಾಗಿ ಹಣ ಕೂಡಿಸಿಕೊಂಡು ಮರಳಿದ. 1935ರಲ್ಲಿ, ಮಹಾ ಆರ್ಥಿಕ ಕುಸಿತದ ಕಾಲದಲ್ಲಿ, ಅಧ್ಯಕ್ಷ ರೂಸ್‌ವೆಲ್ಟ್ ರಾಷ್ಟ್ರೀಯ ಯುವಜನ ಆಡಳಿತ ಎಂಬ ಸಂಸ್ಥೆ ತೆರೆದು ಹದಿನಾರರಿಂದ ಇಪ್ಪತ್ತೈದರವರೆಗಿನ ವಿದ್ಯಾರ್ಥಿಗಳಿಗೆ ಶಾಲೆ ಕಾಲೇಜುಗಳಲ್ಲೇ ಕೆಲಸ ಕೊಟ್ಟು ಕೂಲಿ ಕೊಡಿಸಿದಾಗ, ಟೆಕ್ಸಾಸಿನಲ್ಲಿ ಅದರ ನಿರ್ದೇಶಕನಾದವನು ಇದೇ ಜಾನ್ಸನ್. 1964ರಲ್ಲಿ ಅಧ್ಯಕ್ಷನಾಗಿ ಆರ್ಥಿಕ ಅವಕಾಶ ಕಾಯ್ದೆಗೆ ಸಹಿ ಹಾಕಿದವನೂ ಅವನೇ. ಕಾಲೇಜಿನಲ್ಲಿ ದುಡಿಯುವ ಬಡ ವಿದ್ಯಾರ್ಥಿಯ ಕೂಲಿಯ ಬಹುಪಾಲನ್ನು ಸರ್ಕಾರ ಭರಿಸುವ ಯೋಜನೆ ಅದರಲ್ಲಿತ್ತು. ತರಗತಿಗಳು ನಡೆಯುವ ವಾರದಲ್ಲಿ ಹದಿನೈದು ಗಂಟೆಗಿಂತ ಹೆಚ್ಚು ದುಡಿಸಕೂಡದೆಂದು ಕಾಯ್ದೆಯಲ್ಲೇ ಬರೆದಿತ್ತು. ಕಸ ಹೆಕ್ಕಿ ಓದಿದವನಿಗೆ ಆ ಮಿತಿಯ ಬೆಲೆ ಗೊತ್ತಿತ್ತೆಂದು ಕಾಣುತ್ತದೆ.

ಇಂದು ಅಮೆರಿಕಕ್ಕೆ ಓದಲು ಹೋಗುವ ನಮ್ಮ ಹುಡುಗ ಹುಡುಗಿಯರಿಗೂ ಇಂಥದೇ ಒಂದು ಮಿತಿಯಿದೆ. ವಿದ್ಯಾರ್ಥಿ ವೀಸಾದ ಮೇಲೆ ಹೋದವರು ತರಗತಿಗಳು ನಡೆಯುವಾಗ ವಾರಕ್ಕೆ ಇಪ್ಪತ್ತು ಗಂಟೆಯವರೆಗೆ ಆವರಣದೊಳಗೆ ಕೆಲಸ ಮಾಡಬಹುದು, ರಜೆಯಲ್ಲಿ ಪೂರ್ಣಾವಧಿ. ಮೀರಿದರೆ ವೀಸಾಕ್ಕೇ ಸಂಚಕಾರ. ವಿಶ್ವವಿದ್ಯಾಲಯದ ಊಟದ ಮನೆಯಲ್ಲಿ ತಟ್ಟೆ ತೊಳೆಯಲು ಅಲ್ಲಿ ನಾಚದ ನಾವು, ಇಲ್ಲಿ ಕೊಟ್ಟೂರಿನ ಕಾಲೇಜಿನಲ್ಲಿ ಹುಡುಗನೊಬ್ಬ ಪೊರಕೆ ಹಿಡಿದರೆ 'ಇವನಿಗೇನು ಬಂತು' ಎನ್ನುತ್ತೇವೆ. ಇದು ಯೋಚಿಸಬೇಕಾದ ಸಂಗತಿ.

ನಮ್ಮ ದೇಶದಲ್ಲಿ ಏನಾಯಿತು? 1937ರ ವಾರ್ಧಾ ಸಮ್ಮೇಳನದಲ್ಲಿ ಗಾಂಧೀಜಿ ಕೈಕೆಲಸವನ್ನೇ ಶಿಕ್ಷಣದ ನಡುಗಂಬವಾಗಿಸಬೇಕೆಂದರು. 1964ರಿಂದ 66ರವರೆಗೆ ಕೆಲಸ ಮಾಡಿದ ಕೊಠಾರಿ ಆಯೋಗ 'ಕಾರ್ಯಾನುಭವ' ಎಂಬ ಶಬ್ದ ಕೊಟ್ಟಿತು. 1969ರಲ್ಲಿ ರಾಷ್ಟ್ರೀಯ ಸೇವಾ ಯೋಜನೆ ಬಂತು. ಆದರೆ ಅದು ಸೇವೆ, ಕೂಲಿಯಲ್ಲ. ಇವೆರಡನ್ನು ಬೆರೆಸಬಾರದು. ಕ್ಯಾಂಪಿನಲ್ಲಿ ನೀವು ಗುಂಡಿ ತೋಡುವುದು ಸೇವೆ. ವರ್ಷವಿಡೀ ಕಾಲೇಜಿನ ಕಚೇರಿಯಲ್ಲಿ ಅರ್ಜಿಗಳನ್ನು ಗಣಕಯಂತ್ರಕ್ಕೆ ಏರಿಸುವುದು ಕೆಲಸ. ಕರ್ನಾಟಕದಲ್ಲಿ ಉಜಿರೆಯ ರತ್ನಮಾನಸದಂಥ ವಸತಿ ನಿಲಯಗಳು ಹೈನು, ಬೇಸಾಯಗಳನ್ನು ಹುಡುಗರ ದಿನಚರಿಯಲ್ಲೇ ಸೇರಿಸಿದವು. ವಿಶ್ವವಿದ್ಯಾಲಯ ಅನುದಾನ ಆಯೋಗವೂ 2023ರ ತನ್ನ ಮಾರ್ಗಸೂಚಿಯಲ್ಲಿ ಹಿಂದುಳಿದ ವರ್ಗಗಳಿಂದ ಬಂದ ವಿದ್ಯಾರ್ಥಿಗಳಿಗೆ ಗ್ರಂಥಾಲಯ, ಪ್ರಯೋಗಾಲಯ, ಗಣಕಯಂತ್ರ ಮುಂತಾದ ಕೆಲಸಗಳನ್ನು ತರಗತಿಯ ವೇಳೆಯ ಹೊರಗೆ ಕೊಡುವ 'ಗಳಿಸುತ್ತ ಕಲಿ' ಯೋಜನೆಯನ್ನು ಸೂಚಿಸಿತು.

ಹಾಗಾದರೆ ನಿಮ್ಮ ಕಾಲೇಜಿನಲ್ಲಿ ಇಂಥ ಯೋಜನೆ ಬಂದರೆ ನೀವು ಏನು ಕೇಳಬೇಕು? ಚರಿತ್ರೆಯೇ ಉತ್ತರ ಹೇಳುತ್ತದೆ. ಹಿರೇಮಣಿಯ ಪಾಡು ನೆನೆದರೆ, ಕೆಲಸಕ್ಕೆ ಮೊದಲೇ ದರ ಬರೆದಿರಬೇಕು. ವಾರಾನ್ನದ ಹುಡುಗನ ಪಾಡು ನೆನೆದರೆ, ಯಾವ ಕೆಲಸ, ಯಾರ ಕೈಕೆಳಗೆ ಎಂಬುದೂ ಬರಹದಲ್ಲಿರಬೇಕು, ಮನೆಗೆಲಸ ಅದರಲ್ಲಿ ಸೇರಕೂಡದು. ಅವಕಾಶವನ್ನು ಸೂಚನಾ ಫಲಕದಲ್ಲಿ ಹಾಕಿ ಅರ್ಜಿ ಕರೆಯಬೇಕು; ಪರಿಚಯದವರ ಮಗನಿಗೆ ಬಾಯಿಮಾತಿನಲ್ಲಿ ಕೊಡುವುದಲ್ಲ. ಬಂದ ಹೊತ್ತು ಹೋದ ಹೊತ್ತು ಬರೆಯುವ ಪುಸ್ತಕ ಬೇಕು, ಅದಕ್ಕೆ ನಿಮ್ಮ ಸಹಿಯೂ ಬೇಕು. ಹಣ ನೇರವಾಗಿ ಬ್ಯಾಂಕಿನ ಖಾತೆಗೆ ಬರಬೇಕು. ಪದವಿಪೂರ್ವ ತರಗತಿಯವರಲ್ಲಿ ಹೆಚ್ಚಿನವರು ಹದಿನೆಂಟು ತುಂಬದವರು. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ಆದ ತಿದ್ದುಪಡಿ ಹದಿನಾಲ್ಕರಿಂದ ಹದಿನೆಂಟರವರನ್ನು ಅಪಾಯದ ಕೆಲ‌ಸಗಳಿಗೆ ಹಚ್ಚುವುದನ್ನು ನಿಷೇಧಿಸಿದೆ. ಆದ್ದರಿಂದ ರಸಾಯನ ಪ್ರಯೋಗಾಲಯದ ಆಮ್ಲದ ಜಾಡಿಗಳನ್ನು ತೊಳೆಯುವಂಥದ್ದು ಅವರ ಪಾಲಿಗೆ ಬರದಂತೆ ನೋಡಿಕೊಳ್ಳುವುದು ಕಾಲೇಜಿನ ಹೊಣೆ.

ಇನ್ನು ಗಂಟೆಯ ಮಾತು. ಟೆಕ್ಸಾಸಿನ ಹದಿನೈದು ಗಂಟೆಯನ್ನು ಹಾಗೆಯೇ ಕೂಡ್ಲಿಗಿಗೆ ತರಲಾಗದು. ಅಲ್ಲಿನ ವಿದ್ಯಾರ್ಥಿ ಆವರಣದಲ್ಲೇ ವಾಸಿಸುತ್ತಾನೆ. ಇಲ್ಲಿನ ಹುಡುಗಿ ಹತ್ತಿಪ್ಪತ್ತು ಮೈಲಿ ದೂರದ ಹಳ್ಳಿಯವಳು, ಸಂಜೆಯ ಬಸ್ಸು ತಪ್ಪಿದರೆ ಅವಳಿಗೆ ದಾರಿಯಿಲ್ಲ. ಪಾಠ ಮುಗಿದ ಮೇಲೆ ಸಂಜೆ ಏಳರವರೆಗೆ ಗ್ರಂಥಾಲಯದ ಕೆಲಸ ಎಂದು ನಿಯಮ ಬರೆದರೆ, ಕಾಗದದ ಮೇಲೆ ಎಲ್ಲರಿಗೂ ತೆರೆದಿದ್ದು, ನಿಜದಲ್ಲಿ ಊರಿನೊಳಗಿನ ಹುಡುಗರಿಗೆ ಮಾತ್ರ ಮೀಸಲಾಗುತ್ತದೆ. ಮಧ್ಯಾಹ್ನದ ಬಿಡುವಿನ ವೇಳೆ, ಶನಿವಾರದ ಅರ್ಧ ದಿನ, ದಸರೆಯ ಮತ್ತು ಬೇಸಿಗೆಯ ರಜೆ, ಹೀಗೆ ಗಂಟೆಗಳನ್ನು ಬಸ್ಸಿನ ವೇಳಾಪಟ್ಟಿಗೆ ಹೊಂದಿಸಬೇಕು. ಇನ್ನೊಂದು ತೊಡಕು ಶೇಂಗಾ ಸುಗ್ಗಿಯದು. ಆ ವಾರಗಳಲ್ಲಿ ಹೊಲದ ಕೂಲಿ ಕಾಲೇಜಿನ ಕೂಲಿಗಿಂತ ಹೆಚ್ಚಾಗುತ್ತದೆ, ತರಗತಿಯ ಬೆಂಚುಗಳು ಖಾಲಿಯಾಗುತ್ತವೆ, ಹಾಜರಿ ಕಡಿಮೆಯಾಯಿತೆಂದು ಆಮೇಲೆ ಪರೀಕ್ಷೆಯ ಹೊತ್ತಿಗೆ ಪ್ರಾಂಶುಪಾಲರ ಕೋಣೆಯ ಮುಂದೆ ಸಾಲು ನಿಲ್ಲುತ್ತದೆ. ಗಳಿಸುತ್ತ ಕಲಿಯುವ ಯೋಜನೆಯ ದರವನ್ನು ಗೊತ್ತುಮಾಡಲು ಕೂತ ಸಮಿತಿ ಮೊದಲು ತಿಳಿದುಕೊಳ್ಳಬೇಕಾದದ್ದು ಆ ವಾರ ಹಗರಿಬೊಮ್ಮನಹಳ್ಳಿಯ ಹೊಲಗಳಲ್ಲಿ ದಿನಕ್ಕೆ ಎಷ್ಟು ಕೂಲಿ ನಡೆಯುತ್ತಿದೆ ಎಂಬುದನ್ನು.